ಅಟ್ಟದ ಮೇಲಿನ ಕೆಲಸ: ಬೀಳದಿರುವುದು ಹೇಗೆ?

ಹೊಸಪೇಟೆಯಲ್ಲಿ ನಾವು ವಾಸವಾಗಿರುವ ಮನೆ ಹಳೆಯ ಕಾಲದ್ದು. ಮುಂಭಾಗದಲ್ಲಿ ಮಣ್ಣಿನ ಮಾಳಿಗೆ, ನಡುಮನೆಯ ಮೇಲೆ ಮರದ ಅಟ್ಟ, ಹಿಂದೆ ಸಿಮೆಂಟು ಶೀಟು ಹೊದಿಸಿದ ಅಡಿಗೆಮನೆ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಹಿಂಭಾಗವನ್ನು ಕೆಡವಿ ಹೊಸದಾಗಿ ಕಟ್ಟಿಸುವುದಕ್ಕೂ ಅಟ್ಟವನ್ನು ದುರಸ್ತಿ ಮಾಡಿಸುವುದಕ್ಕೂ ತೊಡಗಿದೆವು. ಬಡಗಿಯು ಮೂವತ್ತು ವರ್ಷಗಳ ಅನುಭವವುಳ್ಳವನು. ಒಂದು ಮಧ್ಯಾಹ್ನ ಅವನು ಏಣಿ ಹತ್ತಿ ಅಟ್ಟಕ್ಕೆ ಹೋಗುವಾಗ, ಟಾರ್ಚನ್ನು ಕೆಳಗಿನಿಂದ ಎತ್ತಿ ಕೊಟ್ಟವರು ನಾವೇ. “ಹುಷಾರು” ಎಂದೆವು. “ಇಂಥಾ ಅಟ್ಟ ಎಷ್ಟು ಹತ್ತೀನೋ, ಬಿಡ್ರಿ ಸಾರ್” ಎಂದು ನಕ್ಕನು. ಒಂದು ನಿಮಿಷವೂ ಕಳೆದಿರಲಿಲ್ಲ. ಹಲಗೆ ಮುರಿದ ಸದ್ದಾಯಿತು. ಸದ್ದು ಕೇಳಿ ನಾವು ತಲೆಯೆತ್ತುವಷ್ಟರಲ್ಲಿ ಅವನು ನಡುಮನೆಯ ಕಲ್ಲುಹಾಸಿನ ಮೇಲೆ ಬಿದ್ದಿದ್ದನು. ಎತ್ತರ ಒಂಬತ್ತು ಅಡಿ ಮಾತ್ರ. ಮಣಿಕಟ್ಟು ಮುರಿಯಿತು, ಸೊಂಟದ ಮೂಳೆ ಬಿರುಕುಬಿಟ್ಟಿತು. ಐದು ತಿಂಗಳು ಅವನು ಉಳಿ ಹಿಡಿಯಲಿಲ್ಲ.

ನಾವು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರು. ಬೀಳುವ ವಸ್ತುವಿನ ನಿಯಮವನ್ನು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸುತ್ತೇವೆ. ಆ ಸೂತ್ರವು ನಮ್ಮ ಮನೆಯ ಅಟ್ಟಕ್ಕೂ ಸಲ್ಲುತ್ತದೆಂಬುದು ಮಾತ್ರ ಆ ದಿನ ನಮಗೆ ಹೊಳೆಯಲಿಲ್ಲ. ಬಡಗಿಗೆ ನಾವು ಕೊಟ್ಟದ್ದು “ಹುಷಾರು” ಎಂಬ ಒಂದು ಮಾತು. ಅಂಥ ಮಾತಿನಿಂದ ಏಕೆ ಪ್ರಯೋಜನವಿಲ್ಲ, ಅದರ ಬದಲು ಏನು ಕೊಡಬೇಕಾಗಿತ್ತು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಬಿದ್ದು ಸಾಯುವುದು ಅಪರೂಪದ ಸಂಗತಿಯೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೬,೮೪,೦೦೦ ಜನ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ.

ಗೆಲಿಲಿಯೋ ತನ್ನ ಮುಪ್ಪಿನಲ್ಲಿ ಬರೆದು ೧೬೩೮ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಅಚ್ಚಾದ ಗ್ರಂಥವೊಂದುಂಟು. ಎರಡು ಹೊಸ ಶಾಸ್ತ್ರಗಳನ್ನು ಕುರಿತದ್ದು ಎಂದು ಅದರ ಹೆಸರೇ ಹೇಳುತ್ತದೆ. ಮೊದಲನೆಯದು, ತೊಲೆಗಳೂ ಹಲಗೆಗಳೂ ಎಷ್ಟು ಭಾರವನ್ನು ತಾಳುತ್ತವೆ, ಯಾವಾಗ ಮುರಿಯುತ್ತವೆ ಎಂಬುದು. ಎರಡನೆಯದು, ವಸ್ತುಗಳು ಹೇಗೆ ಚಲಿಸುತ್ತವೆ, ಹೇಗೆ ಬೀಳುತ್ತವೆ ಎಂಬುದು. ಅಟ್ಟದ ಅಪಘಾತದಲ್ಲಿ ಈ ಎರಡೂ ಶಾಸ್ತ್ರಗಳು ಒಂದೇ ಕ್ಷಣದಲ್ಲಿ ಕೂಡುತ್ತವೆ. ಕಾಲ ಕೆಳಗಿನದು ಮುರಿಯುತ್ತದೆ, ಮೇಲಿನವನು ಬೀಳುತ್ತಾನೆ. ಆದುದರಿಂದ ನಾವೂ ಅದೇ ಕ್ರಮದಲ್ಲಿ ಮುಂದುವರಿಯೋಣ.

ಹಲಗೆ ಏಕೆ ಮುರಿಯುತ್ತದೆ?

ಹಂಪೆಗೆ ಹೋದವರು ಅಲ್ಲಿನ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಚಿಕ್ಕ ಚೌಕ ಗುಳಿಗಳನ್ನು ನೋಡಿರಬಹುದು. ವಿಜಯನಗರದ ಕಲ್ಲುಕುಟಿಗರು ಆ ಗುಳಿಗಳಲ್ಲಿ ಬೆಣೆಗಳನ್ನಿಟ್ಟು ಬಂಡೆಯನ್ನು ಸೀಳುತ್ತಿದ್ದರು. ಆನೆಯನ್ನು ಹೊರಬಲ್ಲ ಕಲ್ಲು ಬೆಣೆಗೆ ಸೋಲುವುದೇಕೆ? ಕಲ್ಲನ್ನು ಅದುಮಿದರೆ ಅದು ಅಪಾರ ಭಾರವನ್ನು ತಾಳುತ್ತದೆ. ಎಳೆದರೆ ಅದರ ಹತ್ತನೆಯ ಒಂದು ಪಾಲಿಗೇ ಬಿರಿಯುತ್ತದೆ. ಬೆಣೆಯ ಕೆಲಸ ಎಳೆಯುವುದು. ಇದೇ ಕಾರಣದಿಂದ ಹಂಪೆಯ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತಾಗಿವೆ. ಎರಡು ಕಂಬಗಳ ಮೇಲೆ ಅಡ್ಡಲಾಗಿಟ್ಟ ಕಲ್ಲಿನ ತೊಲೆಯು ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಅದುಮಲ್ಪಡುತ್ತದೆ, ಕೆಳಮೈ ಎಳೆಯಲ್ಪಡುತ್ತದೆ. ಕಂಬಗಳ ಅಂತರವನ್ನು ಹಿಗ್ಗಿಸಿದರೆ ಕೆಳಮೈ ಬಿರಿದು ತೊಲೆ ಉರುಳುವುದು. ಸ್ಥಪತಿಗಳು ಇದನ್ನು ಅನುಭವದಿಂದ ಅರಿತಿದ್ದರು.

ಅಟ್ಟದ ಹಲಗೆಯೂ ಒಂದು ಚಿಕ್ಕ ತೊಲೆಯೇ. ಎರಡು ಜಂತೆಗಳ ನಡುವೆ ಅದರ ಮೇಲೆ ನಿಂತವನ ಭಾರವನ್ನು ಅದು ಬಾಗಿಯೇ ಹೊರಬೇಕು. ಇಲ್ಲಿ ಎರಡು ನಿಯಮಗಳನ್ನು ನೆನಪಿನಲ್ಲಿಡಬೇಕು. ಜಂತೆಗಳ ಅಂತರ ಇಮ್ಮಡಿಯಾದರೆ ಹಲಗೆ ತಾಳುವ ಭಾರ ಅರ್ಧಕ್ಕೆ ಇಳಿಯುತ್ತದೆ. ಹಲಗೆಯ ದಪ್ಪ ಅರ್ಧವಾದರೆ ತಾಳುವ ಭಾರ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಏಕೆಂದರೆ ಬಲವು ದಪ್ಪದ ವರ್ಗವನ್ನು ಅನುಸರಿಸುತ್ತದೆ. ಈ ಎರಡನೆಯ ನಿಯಮವನ್ನು ಕಂಡುಕೊಂಡವನೂ ಗೆಲಿಲಿಯೋನೇ. ಗೆದ್ದಲು ತಿನ್ನುವುದು ಹಲಗೆಯ ಒಳಗನ್ನು. ಮೇಲಿನ ಪದರ ಹಾಗೆಯೇ ಉಳಿದಿರುತ್ತದೆ. ಒಂದು ಅಂಗುಲದ ಹಲಗೆಯೆಂದು ಕಣ್ಣಿಗೆ ಕಾಣುವುದು ನಿಜವಾಗಿ ಅರ್ಧ ಅಂಗುಲದ್ದಾಗಿದ್ದರೆ, ನಾಲ್ವರನ್ನು ಹೊರುತ್ತಿದ್ದದ್ದು ಈಗ ಒಬ್ಬನನ್ನು ಮಾತ್ರ ಹೊತ್ತೀತು. ಒಂದು ಜಂತೆಯೂ ಕುಸಿದಿದ್ದರೆ ಆ ಒಬ್ಬನನ್ನೂ ಹೊರಲಾರದು. ನಮ್ಮ ಮನೆಯಲ್ಲಿ ನಡೆದದ್ದು ಇದೇ.

ಇನ್ನೊಂದು ಸಂಗತಿ. ಅನುಭವಸ್ಥರು ಹಲಗೆಯನ್ನು ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿ, ತಾಳಿದರೆ ಹೆಜ್ಜೆಯಿಡುತ್ತಾರೆ. ಈ ಪರೀಕ್ಷೆ ಮೋಸದ್ದು. ಭಾರವನ್ನು ನಿಧಾನವಾಗಿ ಹೇರಿದಾಗ ಹಲಗೆಯಲ್ಲಿ ಹುಟ್ಟುವ ಸೆಳೆತಕ್ಕಿಂತ, ಅದೇ ಭಾರವನ್ನು ಒಮ್ಮೆಗೇ ಬಿಟ್ಟಾಗ ಹುಟ್ಟುವ ಸೆಳೆತವು ಇಮ್ಮಡಿಯಷ್ಟಾಗಬಲ್ಲದು. ಒತ್ತಿದಾಗ ಸುಮ್ಮನಿದ್ದ ಹಲಗೆಯು ಎಡವಿ ಧಡಕ್ಕನೆ ಕಾಲಿಟ್ಟಾಗ ಮುರಿಯುವುದು ಇದರಿಂದಲೇ.

ಮರದ ಅಟ್ಟ ಈಗ ಕಡಮೆಯಾಗಿದೆ. ಆದರೆ ಅಪಾಯ ರೂಪ ಬದಲಾಯಿಸಿಕೊಂಡು ಉಳಿದಿದೆ. ಸಿಮೆಂಟು ಶೀಟನ್ನು ಮಾಡಿರುವುದು ಮಳೆಯನ್ನೂ ಬಿಸಿಲನ್ನೂ ತಡೆಯುವುದಕ್ಕೆ, ಮನುಷ್ಯನ ಹೆಜ್ಜೆಯನ್ನು ತಡೆಯುವುದಕ್ಕಲ್ಲ. ಅದೂ ಕಲ್ಲಿನ ಜಾತಿಯದೇ, ಎಳೆತಕ್ಕೆ ಅಂಜುವುದು. ಮರವಾದರೆ ಮುರಿಯುವ ಮುನ್ನ ಚಟಚಟನೆ ಸದ್ದುಮಾಡಿ ಎಚ್ಚರಿಕೆ ಕೊಡುವುದುಂಟು. ಹಳೆಯ ಶೀಟು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತದೆ. ಈಚಿನ ಮನೆಗಳಲ್ಲಿ ಫಾಲ್ಸ್ ಸೀಲಿಂಗ್ ಎಂದು ಕೂರಿಸುವ ಜಿಪ್ಸಂ ಹಲಗೆಯು ತನ್ನ ತೂಕವನ್ನಲ್ಲದೆ ಹೆಚ್ಚೇನನ್ನೂ ಹೊರದು. ಅದರ ಮೇಲೆ ವಿದ್ಯುತ್ ತಂತಿ ಎಳೆಯಲು ಹೋದವನು ನೆಲವೆಂದು ತಿಳಿದು ಕಾಲಿಡುವುದು ಒಂದು ಹಾಳೆಯ ಮೇಲೆ.

ಕಾಂಕ್ರೀಟಿನ ಸಜ್ಜೆಯ ವಿಷಯದಲ್ಲಿಯೂ ಎರಡು ಮಾತು ಹೇಳಬೇಕು. ಸಜ್ಜೆಯು ಒಂದೇ ಕಡೆ ಗೋಡೆಯನ್ನು ಹಿಡಿದು ಚಾಚಿಕೊಂಡಿರುವ ಚಪ್ಪಡಿ. ಅದರಲ್ಲಿ ಎಳೆತವಿರುವುದು ಕೆಳಮೈಯಲ್ಲಲ್ಲ, ಮೇಲ್ಮೈಯಲ್ಲಿ. ಆದುದರಿಂದ ಕಬ್ಬಿಣದ ಸರಳುಗಳು ಮೇಲ್ಭಾಗದಲ್ಲಿಯೇ ಇರಬೇಕು. ಕಾಂಕ್ರೀಟು ಸುರಿಯುವಾಗ ಕೆಲಸದವರು ತುಳಿದು ಸರಳುಗಳು ಕೆಳಗೆ ಕುಸಿದರೆ, ಹೊರಗಿನಿಂದ ಸಜ್ಜೆ ಸುಂದರವಾಗಿಯೇ ಕಾಣುತ್ತದೆ. ಅದರ ಮೇಲೆ ನಿಂತು ಗಾರೆ ಮಾಡುವವನ ಪಾಲಿಗೆ ಅದು ಬಲೆ. ಸೆಂಟ್ರಿಂಗನ್ನು ಅವಸರದಿಂದ ಬಿಚ್ಚುವುದೂ ಹಾಗೆಯೇ. ಕಾಂಕ್ರೀಟು ಏಳು ದಿನಗಳಲ್ಲಿ ಪಡೆಯುವ ಬಲವು ಇಪ್ಪತ್ತೆಂಟು ದಿನಗಳಲ್ಲಿ ಪಡೆಯುವ ಬಲದ ಮೂರನೆಯ ಎರಡು ಪಾಲಿನಷ್ಟು ಮಾತ್ರ.

ಮುಕ್ಕಾಲು ಸೆಕೆಂಡು

ಇನ್ನು ಎರಡನೆಯ ಶಾಸ್ತ್ರಕ್ಕೆ ಬರೋಣ. ಒಂಬತ್ತು ಅಡಿಯೆಂದರೆ ಸುಮಾರು ೨.೭ ಮೀಟರು. ಗುರುತ್ವಾಕರ್ಷಣೆಯಿಂದ ಬೀಳುವ ವಸ್ತುವಿನ ವೇಗವು ಸೆಕೆಂಡಿಗೆ ೯.೮ ಮೀಟರಿನಂತೆ ಏರುತ್ತ ಹೋಗುತ್ತದೆ. ೨.೭ ಮೀಟರು ಬೀಳಲು ಬೇಕಾದ ಕಾಲ ೦.೭೪ ಸೆಕೆಂಡು, ನೆಲವನ್ನು ಮುಟ್ಟುವಾಗಿನ ವೇಗ ಗಂಟೆಗೆ ೨೬ ಕಿಲೋಮೀಟರು. ತುಸು ಜೋರಾಗಿ ಓಡುತ್ತಿರುವ ಸೈಕಲ್ಲಿನಿಂದ ನೇರವಾಗಿ ಕಲ್ಲುಗೋಡೆಗೆ ಹಾಯ್ದಂತೆ ಇದು.

“ಎಚ್ಚರದಿಂದಿದ್ದರೆ ಏನನ್ನಾದರೂ ಹಿಡಿದುಕೊಳ್ಳಬಹುದಲ್ಲ?” ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಕಾಲ ಕೆಳಗಿನ ನೆಲ ಕುಸಿಯಿತೆಂಬ ಸುದ್ದಿ ಮಿದುಳಿಗೆ ಮುಟ್ಟಿ, ಅಲ್ಲಿಂದ ಕೈಗೆ ಆಜ್ಞೆ ಬರಲು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ದೇಹವು ೨೦ ಸೆಂಟಿಮೀಟರು ಇಳಿದಿರುತ್ತದೆ. ಕೈ ಚಾಚಿ ಜಂತೆಯನ್ನು ಮುಟ್ಟಲು ಇನ್ನೂ ಅಷ್ಟೇ ಹೊತ್ತು ಬೇಕು. ಆಗ ದೇಹ ಇಳಿದಿರುವುದು ೭೮ ಸೆಂಟಿಮೀಟರು. ಅದರ ವೇಗ ಗಂಟೆಗೆ ೧೪ ಕಿಲೋಮೀಟರು. ಆ ವೇಗದಲ್ಲಿ ಸರಿಯುತ್ತಿರುವ ಅರುವತ್ತು ಕಿಲೋಗ್ರಾಮಿನ ದೇಹವನ್ನು ಬೆರಳುಗಳಿಂದ ಹಿಡಿದು ನಿಲ್ಲಿಸುವುದು ಸಾಧ್ಯವಿಲ್ಲ. ಎಚ್ಚರವೆಂಬುದು ಬೀಳುವ ಮೊದಲು ಮಾತ್ರ ಉಪಯೋಗಕ್ಕೆ ಬರುವ ಗುಣ. ಬೀಳಲು ತೊಡಗಿದ ಮೇಲೆ ಎಚ್ಚರಗೇಡಿಗೂ ಜಾಣನಿಗೂ ದೊರೆಯುವ ಕಾಲ ಒಂದೇ.

ಎತ್ತರ ಕಡಮೆಯಾದರೆ ಅಪಾಯವೂ ಅಷ್ಟೇ ಕಡಮೆಯೆಂಬುದು ಇನ್ನೊಂದು ತಪ್ಪು ಭಾವನೆ. ಹಂಪೆಯ ವಿರೂಪಾಕ್ಷ ದೇವಾಲಯದ ಹಿರಿಯ ಗೋಪುರದ ಎತ್ತರ ಸುಮಾರು ೫೦ ಮೀಟರು. ಅದನ್ನು ತಲೆಯೆತ್ತಿ ನೋಡಿದರೇ ಎದೆ ನಡುಗುತ್ತದೆ. ಮನೆಯ ಅಟ್ಟವನ್ನು ನೋಡಿ ಯಾರೂ ಹೆದರುವುದಿಲ್ಲ. ಆದರೆ ಗೋಪುರದ ಎತ್ತರ ಅಟ್ಟದ ಹದಿನೆಂಟು ಪಟ್ಟು ಇದ್ದರೂ, ಅಲ್ಲಿಂದ ಬಿದ್ದ ವಸ್ತುವಿನ ವೇಗ, ಗಾಳಿಯ ತಡೆಯನ್ನು ಬಿಟ್ಟರೆ, ಅಟ್ಟದಿಂದ ಬಿದ್ದದ್ದರ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ವೇಗವು ಎತ್ತರದ ವರ್ಗಮೂಲದಂತೆ ಏರುತ್ತದೆ. ಎಂದರೆ, ಮೊದಲ ಕೆಲವು ಅಡಿಗಳಲ್ಲಿಯೇ ಅದು ಬಹುಪಾಲು ಕೆಡುಕನ್ನು ಗಳಿಸಿಕೊಂಡುಬಿಡುತ್ತದೆ.

ಕಂಪ್ಲಿಯ ಕಡೆ ಭತ್ತದ ಒಕ್ಕಲು ಮುಗಿದ ಮೇಲೆ ಹುಡುಗರು ಬಣವೆಯ ಮೇಲಿಂದ ಹುಲ್ಲಿನ ರಾಶಿಗೆ ನಗುನಗುತ್ತ ಜಿಗಿಯುತ್ತಾರೆ. ಅವರಿಗೆ ಏನೂ ಆಗುವುದಿಲ್ಲವಲ್ಲ? ಇಲ್ಲಿಯೇ ಪೆಟ್ಟಿನ ಗುಟ್ಟು ಇರುವುದು. ಮನುಷ್ಯನನ್ನು ನೋಯಿಸುವುದು ಬೀಳುವಿಕೆಯಲ್ಲ, ನಿಲ್ಲುವಿಕೆ. ೨.೭ ಮೀಟರು ಬಿದ್ದವನು ಅರ್ಧ ಮೀಟರು ಹುಲ್ಲಿನಲ್ಲಿ ಹುದುಗಿ ನಿಂತರೆ ಅವನ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ ಆರೂವರೆ ಪಟ್ಟು. ಕಲ್ಲುಹಾಸಿನ ಮೇಲೆ ಐದು ಸೆಂಟಿಮೀಟರಿನಲ್ಲಿ ನಿಂತರೆ ಐವತ್ತೈದು ಪಟ್ಟು. ಅರುವತ್ತು ಕಿಲೋಗ್ರಾಮಿನ ಮನುಷ್ಯನಿಗೆ ಮೂರು ಟನ್ನಿಗೂ ಮೀರಿದ ಭಾರ. ಮನೆ ಕಟ್ಟುವಾಗ ಅಟ್ಟದ ಕೆಳಗೆ ಇರುವುದು ಹುಲ್ಲಲ್ಲ. ಜಲ್ಲಿ, ಇಟ್ಟಿಗೆಯ ರಾಶಿ, ಮೇಲ್ಮುಖವಾಗಿ ನಿಂತ ಕಬ್ಬಿಣದ ಸರಳುಗಳು. ಕೆಲಸ ಆರಂಭವಾಗುವ ಮೊದಲು ಕೆಳಗಿನ ನೆಲವನ್ನು ಚೊಕ್ಕಟಮಾಡುವುದೂ ಸರಳುಗಳ ತುದಿಗೆ ಮುಚ್ಚಿಗೆ ಹಾಕುವುದೂ ಆದುದರಿಂದ ಸಣ್ಣ ಕೆಲಸಗಳಲ್ಲ.

ಬಿಸಿಲಿನಿಂದ ಕತ್ತಲೆಗೆ

ನಮ್ಮ ಕಡೆಯ ಹವೆಗೆ ಸೇರಿದ ಎರಡು ಕಾರಣಗಳನ್ನೂ ಇಲ್ಲಿ ಹೇಳಬೇಕು. ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆಯು ೪೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದುಂಟು. ಮನೆ ಕಟ್ಟಿಸುವ ಹಂಗಾಮೂ ಅದೇ. ಹೊರಗೆ ಕಲ್ಲುಬಂಡೆಗಳ ಮೇಲೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಅಟ್ಟದಲ್ಲಿ ಕತ್ತಲು. ಹೊರಗಿನಿಂದ ನೇರವಾಗಿ ಒಳಗೆ ಬಂದವನ ಪಾಪೆ ಕೆಲವು ಸೆಕೆಂಡುಗಳಲ್ಲಿ ಹಿಗ್ಗುತ್ತದೆ. ಆದರೆ ಅಕ್ಷಿಪಟವು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಕಣ್ಣು ತೆರೆದಿದ್ದರೂ ಅವನು ಅರೆಕುರುಡನೇ. ಕೈಯಲ್ಲಿ ಹಿಡಿದ ಟಾರ್ಚು ಒಂದು ಕಡೆ ಬೆಳಗಿ ಮಿಕ್ಕ ಕಡೆಯ ಕತ್ತಲೆಯನ್ನು ಹೆಚ್ಚಿಸುತ್ತದೆ. ಅದರ ಜೊತೆಗೆ ಒಂದು ಕೈಯನ್ನೂ ಕಟ್ಟಿಹಾಕುತ್ತದೆ. ನಾವು ಬಡಗಿಗೆ ಉಪಕಾರವೆಂದು ಕೊಟ್ಟ ಟಾರ್ಚು ಇಂಥದು. ಅಟ್ಟವಿಡೀ ಬೆಳಕಾಗುವಂತೆ ದೀಪವನ್ನು ಮೊದಲು ತೂಗುಹಾಕಿ, ಆಮೇಲೆ ಆಳನ್ನು ಹತ್ತಿಸಬೇಕು.

ಎರಡನೆಯದು ಸೆಕೆ. ಕಾದ ಶೀಟಿನ ಅಥವಾ ಹಂಚಿನ ಕೆಳಗೆ ಗಾಳಿಯಾಡದ ಜಾಗದಲ್ಲಿ ಹೊರಗಿಗಿಂತಲೂ ಬಿಸಿಯಿರುತ್ತದೆ. ಬೆವರು ಹರಿದು ದೇಹದಲ್ಲಿ ನೀರು ಕಡಮೆಯಾದಾಗ, ಕುಕ್ಕರಗಾಲಿನಲ್ಲಿ ಕುಳಿತಿದ್ದವನು ತಟ್ಟನೆ ಎದ್ದರೆ ಮಿದುಳಿಗೆ ರಕ್ತ ಸಾಲದೆ ಕಣ್ಣುಕತ್ತಲೆ ಬರುತ್ತದೆ. ಅಟ್ಟದ ಕೆಲಸವನ್ನು ಬೆಳಗಿನ ಹೊತ್ತಿಗೇ ಮುಗಿಸುವುದು, ಅರ್ಧ ಗಂಟೆಗೊಮ್ಮೆ ಕೆಳಗಿಳಿಸಿ ನೀರು ಕುಡಿಸುವುದು ದಯೆಯ ಮಾತಲ್ಲ, ಶಾಸ್ತ್ರದ ಮಾತು.

ಏಣಿ ಮತ್ತು ಹಲಗೆ

“ಅಟ್ಟ ಹತ್ತಿಸಿ ಏಣಿ ತೆಗೆಯುವುದು” ಎಂಬ ಮಾತು ನಮ್ಮಲ್ಲಿದೆ. ಮನೆಗೆಲಸದಲ್ಲಿ ಏಣಿಯನ್ನು ಯಾರೂ ತೆಗೆಯಬೇಕಾಗಿಲ್ಲ; ಸರಿಯಾಗಿ ಇಡದಿದ್ದರೆ ಅದು ತಾನೇ ಜಾರುತ್ತದೆ. ಗೋಡೆಗೆ ಒರಗಿಸಿದ ಏಣಿಯ ಬುಡ ಹೊರಕ್ಕೆ ಸರಿಯದಂತೆ ತಡೆಯುವುದು ನೆಲದ ಘರ್ಷಣೆ ಒಂದೇ. ನಾಲ್ಕು ಮೀಟರು ಎತ್ತರಕ್ಕೆ ಒರಗಿದ ಏಣಿಯ ಬುಡವು ಗೋಡೆಯಿಂದ ಒಂದು ಮೀಟರು ದೂರದಲ್ಲಿದ್ದರೆ, ಅದರ ತುದಿಯಲ್ಲಿ ನಿಂತವನನ್ನು ಹಿಡಿದಿಡಲು ಅವನ ತೂಕದ ಕಾಲುಭಾಗದಷ್ಟು ಘರ್ಷಣೆ ಸಾಕು. ಅದೇ ಏಣಿಯ ಬುಡವನ್ನು ಎರಡೂವರೆ ಮೀಟರು ದೂರಕ್ಕೆ ಎಳೆದರೆ ತೂಕದ ಮುಕ್ಕಾಲು ಭಾಗಕ್ಕೂ ಹೆಚ್ಚು ಘರ್ಷಣೆ ಬೇಕು. ಮರಳು ಚೆಲ್ಲಿದ ನುಣುಪು ನೆಲ ಅಷ್ಟನ್ನು ಕೊಡಲಾರದು. ಆದುದರಿಂದ ಎತ್ತರ ನಾಲ್ಕು ಪಾಲಿದ್ದರೆ ಬುಡದ ದೂರ ಒಂದು ಪಾಲು ಇರಲಿ ಎಂಬುದು ಜಗತ್ತಿನ ಎಲ್ಲೆಡೆ ಒಪ್ಪಿದ ನಿಯಮ.

ಹತ್ತುವವನು ಮೇಲೇರಿದಂತೆಲ್ಲ ಬೇಕಾಗುವ ಘರ್ಷಣೆ ಹೆಚ್ಚುತ್ತದೆ ಎಂಬುದನ್ನೂ ಗಮನಿಸಬೇಕು. ಅರ್ಧದವರೆಗೆ ಅಲುಗದೆ ನಿಂತ ಏಣಿಯು ಕೊನೆಯ ಮೆಟ್ಟಿಲಲ್ಲಿ ಜಾರುವುದು ಇದರಿಂದ. ಏಣಿಯ ತುದಿ ಅಟ್ಟದ ಅಂಚಿಗಿಂತ ಒಂದು ಮೀಟರು ಮೇಲಕ್ಕೆ ಚಾಚಿರಬೇಕು. ತುದಿಯನ್ನು ತೊಲೆಗೆ ಹಗ್ಗದಿಂದ ಬಿಗಿಯಬೇಕು. ಹತ್ತುವಾಗ ಕೈಯಲ್ಲಿ ಸಾಮಾನು ಇರಬಾರದು. ಅದನ್ನು ಆಮೇಲೆ ಹಗ್ಗದಿಂದ ಸೇದಿಕೊಳ್ಳಲಿ.

ಅಟ್ಟದಲ್ಲಿ ಓಡಾಡಲು ಜಂತೆಗಳ ಮೇಲೆ ದಪ್ಪ ಹಲಗೆ ಹಾಸುವುದು ಒಳ್ಳೆಯದೇ. ಆದರೆ ಹಲಗೆಯ ತುದಿ ಆಧಾರದಾಚೆಗೆ ಚಾಚಿದ್ದರೆ ಅದು ಮಕ್ಕಳ ಏರುಪೇರಾಟದ ಹಲಗೆಯಾಗುತ್ತದೆ. ಮೂರು ಮೀಟರು ಉದ್ದ, ಹದಿನೈದು ಕಿಲೋಗ್ರಾಮು ತೂಕದ ಹಲಗೆಯ ತುದಿ ಕಡೆಯ ಜಂತೆಯಿಂದ ೩೦ ಸೆಂಟಿಮೀಟರು ಮುಂದಕ್ಕೆ ಚಾಚಿದೆಯೆನ್ನಿ. ಅರುವತ್ತು ಕಿಲೋಗ್ರಾಮಿನವನು ಆ ತುದಿಯಲ್ಲಿ ನಿಂತರೆ ಅವನ ಭಾರಕ್ಕೂ ಹಲಗೆಯ ಭಾರಕ್ಕೂ ಸರಿಸಮನಾದ ತೂಗಾಟ. ಒಂದು ಬೆರಳು ಹೆಚ್ಚಿದರೂ ಹಲಗೆ ಮಗುಚುವುದು. ಆದುದರಿಂದ ಚಾಚು ಒಂದು ಗೇಣಿಗಿಂತ ಕಿರಿದಾಗಿರಲಿ, ಎರಡು ತುದಿಗಳಿಗೂ ಮೊಳೆ ಹೊಡೆದಿರಲಿ.

ಹಗ್ಗವನ್ನು ನಂಬಬಹುದೆ?

ಸುರಕ್ಷತೆಯೆಂದೊಡನೆ ಎಲ್ಲರಿಗೂ ನೆನಪಾಗುವುದು ಸೊಂಟಕ್ಕೆ ಕಟ್ಟುವ ಹಗ್ಗ. ಎತ್ತರದ ಕಟ್ಟಡಗಳಲ್ಲಿ ದೇಹವಿಡೀ ಹಿಡಿಯುವ ಸುರಕ್ಷಾಪಟ್ಟಿ ಅನೇಕ ಜೀವಗಳನ್ನು ಉಳಿಸಿದೆ. ಆದರೆ ಮನೆಯ ಅಟ್ಟದಲ್ಲಿ ಒಂದು ವಿಚಿತ್ರವಾದ ತೊಡಕಿದೆ. ಹಗ್ಗದ ಒಂದು ತುದಿಯನ್ನು ಕಾಲಬಳಿಯ ಜಂತೆಗೆ ಕಟ್ಟಿ, ಇನ್ನೊಂದು ತುದಿಯನ್ನು ನಿಂತವನ ಸೊಂಟದ ಮಟ್ಟಕ್ಕೆ ಸಿಕ್ಕಿಸಿದೆಯೆಂದು ಭಾವಿಸೋಣ. ಹಗ್ಗದ ಉದ್ದ ಒಂದೂವರೆ ಮೀಟರು. ಅವನು ಬಿದ್ದಾಗ ಹಗ್ಗ ಬಿಗಿಯಾಗುವುದು ಸೊಂಟವು ಅಟ್ಟದ ಮಟ್ಟದಿಂದ ಒಂದೂವರೆ ಮೀಟರು ಕೆಳಗೆ ಬಂದಾಗ. ಆ ಹೊತ್ತಿಗೆ ಪಾದಗಳು ಅಟ್ಟದಿಂದ ಎರಡೂವರೆ ಮೀಟರು ಕೆಳಗಿರುತ್ತವೆ. ನೆಲವಿರುವುದು ೨.೭ ಮೀಟರಿನಲ್ಲಿ. ಹಗ್ಗ ಇಪ್ಪತ್ತು ಸೆಂಟಿಮೀಟರು ಹಿಗ್ಗಿದರೆ ಸಾಕು, ಅವನು ನೆಲಕ್ಕೆ ಅಪ್ಪಳಿಸುತ್ತಾನೆ. ಹಗ್ಗ ಹರಿಯಲಿಲ್ಲ, ಗಂಟು ಬಿಚ್ಚಲಿಲ್ಲ. ಆದರೂ ಮನುಷ್ಯ ಉಳಿಯಲಿಲ್ಲ. ಹಗ್ಗ ಹಿಗ್ಗದೆ ಬಿಗಿಹಿಡಿದರೆ ಸೊಂಟದ ಮೇಲೆ ಬೀಳುವ ಜಗ್ಗು ಬೆನ್ನೆಲುಬಿಗೇ ಅಪಾಯ.

ಮನೆಯ ಎತ್ತರ ಕಡಮೆಯಾದ್ದರಿಂದ ಹಗ್ಗ ಬೇಡವೆಂದು ಹೇಳುವವರಿದ್ದಾರೆ. ನಿಜವೇನೆಂದರೆ, ಎತ್ತರ ಕಡಮೆಯಾದಷ್ಟೂ ಬೀಳುತ್ತಿರುವವನನ್ನು ಹಿಡಿಯುವ ಕೆಲಸ ಕಷ್ಟ. ಆದುದರಿಂದ ಮನೆಯಲ್ಲಿ ಹಗ್ಗದ ಸರಿಯಾದ ಉಪಯೋಗ ಬೇರೆ. ತಲೆಯ ಮೇಲಿನ ಗಟ್ಟಿ ತೊಲೆಗೆ ಕಟ್ಟಿ, ಸಡಿಲವಿಲ್ಲದಂತೆ ಗಿಡ್ಡವಾಗಿಟ್ಟು, ಅಂಚನ್ನೇ ಅವನು ಮುಟ್ಟಲಾರದಂತೆ ಮಾಡಬೇಕು. ಹಸುವನ್ನು ಗೂಟಕ್ಕೆ ಕಟ್ಟುವುದು ಪೈರಿಗೆ ಹೋಗದಂತೆ ತಡೆಯುವುದಕ್ಕಲ್ಲವೆ? ಹಾಗೆ.

ಮಾಡಬೇಕಾದ್ದೇನು?

ಇಷ್ಟು ವಿಚಾರದಿಂದ ಒಂದು ತೀರ್ಮಾನ ಹೊರಡುತ್ತದೆ. ಬೀಳಲು ತೊಡಗಿದವನನ್ನು ಅವನ ಚುರುಕೂ ಉಳಿಸದು, ಹಗ್ಗವೂ ಬಹುಮಟ್ಟಿಗೆ ಉಳಿಸದು. ಆದುದರಿಂದ ಬೀಳುವ ದಾರಿಯನ್ನೇ ಮೊದಲು ಮುಚ್ಚಬೇಕು. ಅದನ್ನು ಕ್ರಮವಾಗಿ ಹೇಳುವುದಾದರೆ:

ಮೊದಲನೆಯದು, ಮೇಲೆ ಹೋಗದೆಯೇ ಆಗುವ ಕೆಲಸವನ್ನು ಕೆಳಗೇ ಮಾಡುವುದು. ಹಲಗೆ ಕೊಯ್ಯುವುದು, ಚೌಕಟ್ಟು ಜೋಡಿಸುವುದು, ಬಣ್ಣ ಬಳಿಯುವುದು ಇವೆಲ್ಲ ನೆಲದ ಮೇಲೆಯೇ ಆಗಬಹುದು. ಗಟ್ಟಿಯೋ ಟೊಳ್ಳೋ ಎಂಬುದನ್ನು ಕೆಳಗಿನಿಂದಲೇ ಏಣಿಯ ಮೇಲೆ ನಿಂತು, ಜಂತೆಯನ್ನು ಮೊನೆಯಿಂದ ಚುಚ್ಚಿ ನೋಡಿ ತಿಳಿಯಬಹುದು.

ಎರಡನೆಯದು, ಪ್ರತಿಯೊಂದು ಬಾಯಿಯನ್ನೂ ಮುಚ್ಚುವುದು. ನಮ್ಮ ಮಾಳಿಗೆಗಳ ಬೆಳಕಿಂಡಿ, ಅಟ್ಟಕ್ಕೆ ಹತ್ತುವ ಕಂಡಿ, ಹೊಸ ಮನೆಯಲ್ಲಿ ಮೆಟ್ಟಿಲಿಗೆಂದು ಬಿಟ್ಟ ತೆರಪು, ಕೊಳವೆಗೆಂದು ಬಿಟ್ಟ ರಂಧ್ರ ಇವೆಲ್ಲ ಬಾಯಿಗಳೇ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹರಡುವವರು ಬೆಳಕಿಂಡಿಯ ಮೇಲೆ ಗೋಣಿಚೀಲ ಹೊದಿಸಿಡುವುದುಂಟು. ಇದು ತೆರೆದ ಬಾಯಿಗಿಂತಲೂ ಕೆಟ್ಟದ್ದು. ತೆರೆದದ್ದು ಕಣ್ಣಿಗಾದರೂ ಕಾಣುತ್ತದೆ. ಬಿಡಿಯಾಗಿ ಇಟ್ಟ ಹಲಗೆಯೂ ಹಾಗೆಯೇ. ಯಾರೋ ಒಬ್ಬನು ಅದನ್ನು ಕೆಲಸಕ್ಕೆ ಬೇಕೆಂದು ಎರಡು ಕೈಯಲ್ಲೂ ಎತ್ತಿಕೊಳ್ಳುತ್ತಾನೆ. ಎದೆಗೆ ಅಡ್ಡವಾದ ಹಲಗೆಯಿಂದ ಕಾಲ ಮುಂದಿನದು ಕಾಣದೆ, ತಾನು ತೆರೆದ ಬಾಯಿಗೆ ತಾನೇ ಕಾಲಿಡುತ್ತಾನೆ. ಮುಚ್ಚಳವು ಮನುಷ್ಯನನ್ನೂ ಅವನ ಹೊರೆಯನ್ನೂ ತಾಳುವಂತಿರಬೇಕು, ಮೊಳೆಯಿಂದ ಬಿಗಿದಿರಬೇಕು, “ಕೆಳಗೆ ತೂತಿದೆ” ಎಂದು ಅದರ ಮೇಲೆ ಬಣ್ಣದಲ್ಲಿ ಬರೆದಿರಬೇಕು.

ಮೂರನೆಯದು, ಮುಚ್ಚಲಾಗದ ಅಂಚಿಗೆ ಕಟಕಟೆ ಕಟ್ಟುವುದು. ಇದರ ಎತ್ತರವನ್ನು ಮನಸ್ಸಿಗೆ ಬಂದಂತೆ ಇಡಬಾರದು. ನಿಂತ ಮನುಷ್ಯನ ಗುರುತ್ವಕೇಂದ್ರವು ಅವನ ಎತ್ತರದ ನೂರಕ್ಕೆ ಐವತ್ತೈದರಷ್ಟು ಮೇಲಿರುತ್ತದೆ. ೧೬೫ ಸೆಂಟಿಮೀಟರಿನವನಿಗೆ ೯೧ ಸೆಂಟಿಮೀಟರು. ಕಟಕಟೆ ಅದಕ್ಕಿಂತ ತಗ್ಗಾಗಿದ್ದರೆ ತಡೆಯುವ ಬದಲು ಅವನನ್ನು ಮಗುಚಿಹಾಕುವ ಸನ್ನೆಯಾಗುತ್ತದೆ. ಮೊಣಕಾಲೆತ್ತರದ ಮಾಳಿಗೆಯ ಕೈಪಿಡಿ ಗೋಡೆಗಳು ಇಂಥವು. ಕಟಕಟೆ ಒಂದು ಮೀಟರಿಗೆ ಕಡಮೆಯಿಲ್ಲದಂತೆ ಇದ್ದು, ನಡುವೆ ಇನ್ನೊಂದು ಅಡ್ಡಪಟ್ಟಿ ಇರಬೇಕು.

ಶೀಟಿನ ಮೇಲೆ ಹೋಗಲೇಬೇಕಾದರೆ, ಕೆಳಗಿನ ಎರಡು ಮೂರು ಅಡ್ಡತೊಲೆಗಳನ್ನು ಮುಟ್ಟುವಷ್ಟು ಉದ್ದದ ಹಲಗೆಯನ್ನು ಹಾಸಿ ಅದರ ಮೇಲೆಯೇ ನಡೆಯಬೇಕು. ಗಾಳಿಯ ದಿನ ಶೀಟು ಎತ್ತಲೇಬಾರದು. ಗಂಟೆಗೆ ೩೬ ಕಿಲೋಮೀಟರು ವೇಗದ ಗಾಳಿಯು ಮೂರು ಚದರ ಮೀಟರಿನ ಶೀಟನ್ನು ಹದಿನೆ೦ಟು ಇಪ್ಪತ್ತು ಕಿಲೋಗ್ರಾಮು ತೂಕದಷ್ಟು ಬಲದಿಂದ ತಳ್ಳುತ್ತದೆ. ಆಷಾಢದ ಗಾಳಿಯಲ್ಲಿ ಶೀಟು ಹಿಡಿದು ನಿಂತವನು ಹಾಯಿ ಎತ್ತಿದ ದೋಣಿಯಂತೆ.

ಇವು ಯಾವುವೂ ನಮ್ಮ ಹೊಸ ಕಲ್ಪನೆಗಳಲ್ಲ. ಭಾರತೀಯ ಮಾನಕ ಸಂಸ್ಥೆಯು ಸಾರವೆ ಮತ್ತು ಏಣಿಗಳಿಗೆ ಒಂದು, ನೆಲದ ತೆರಪು ಮತ್ತು ಕಟಕಟೆಗಳಿಗೆ ಇನ್ನೊಂದು ನಿಯಮಾವಳಿಯನ್ನು ಪ್ರಕಟಿಸಿದೆ. ಕೊರತೆಯಿರುವುದು ನಿಯಮದಲ್ಲಲ್ಲ, ಅದು ತಲಪುವ ಜಾಗದಲ್ಲಿ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆಯುವ ಕಾರ್ಮಿಕನನ್ನು ನೋಡಿ. ಗಣಿಯಲ್ಲಿ ಅವನ ತಲೆಗೆ ಗಟ್ಟಿ ಟೋಪಿ, ಕಾಲಿಗೆ ಬೂಟು. ೧೯೫೨ರ ಗಣಿ ಕಾನೂನಿನ ಕಾಲದಿಂದ ಅಲ್ಲಿ ಮೇಲ್ವಿಚಾರಣೆಯ ಒಂದು ಪದ್ಧತಿ ಬೆಳೆದಿದೆ. ರಜೆಯ ದಿನ ಅದೇ ಮನುಷ್ಯ ತನ್ನ ಮನೆಯ ಮಾಡು ಹೊದಿಸಲು ಬರಿಗಾಲಿನಲ್ಲಿ, ಬರಿತಲೆಯಲ್ಲಿ ಏರುತ್ತಾನೆ. ಕಟ್ಟಡ ಕಾರ್ಮಿಕರಿಗಾಗಿ ೧೯೯೬ರಲ್ಲಿ ಬಂದ ಕೇಂದ್ರ ಕಾನೂನು ಸಹ, ಹತ್ತು ಲಕ್ಷ ರೂಪಾಯಿಗೆ ಮೀರದ ವೆಚ್ಚದಲ್ಲಿ ಸ್ವಂತ ವಾಸದ ಮನೆ ಕಟ್ಟಿಸುವವನನ್ನು ತನ್ನ ಹೊರಗಿಟ್ಟಿತು. ಕಾನೂನು ಹೇಗೇ ಬದಲಾಗಲಿ, ಓಣಿಯ ಸಣ್ಣ ಮನೆಗೆ ಅಧಿಕಾರಿ ಬಂದು ನೋಡುವುದು ಕಷ್ಟ. ಅಲ್ಲಿ ಅಧಿಕಾರಿಯೂ, ಇಂಜಿನಿಯರೂ, ಕಾವಲುಗಾರನೂ ಮನೆ ಕಟ್ಟಿಸುವ ಯಜಮಾನನೇ. ನಾಲ್ಕು ಹಲಗೆ, ಒಂದು ಸೇರು ಮೊಳೆ, ಒಂದು ದೀಪ, ಅರ್ಧ ದಿನದ ಕೂಲಿ: ಅವನು ಹೆಚ್ಚಾಗಿ ಖರ್ಚು ಮಾಡಬೇಕಾದದ್ದು ಇಷ್ಟೇ.

ಇಷ್ಟಾದರೂ ಯಾರಾದರೂ ಬಿದ್ದರೆ, ಗಾಬರಿಯಿಂದ ಅವನನ್ನು ಎತ್ತಿ ಕೂರಿಸಬಾರದು, ಕೈಕಾಲು ಹಿಡಿದು ಒಯ್ಯಬಾರದು. ಬೆನ್ನೆಲುಬಿಗೆ ಪೆಟ್ಟಾಗಿದ್ದರೆ ಆ ಅಲುಗಾಟವೇ ಜನ್ಮವಿಡೀ ಕಾಲು ಬಾರದಂತೆ ಮಾಡಬಹುದು. ತಲೆ ಕತ್ತು ಅಲುಗದಂತೆ ಹಿಡಿದು, ರಕ್ತ ಹರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ, ೧೦೮ಕ್ಕೆ ಕರೆಮಾಡಿ ಕಾಯಬೇಕು. ಎದ್ದು ಕುಳಿತು “ಏನೂ ಆಗಿಲ್ಲ” ಎಂದರೂ, ತಲೆಗೆ ಪೆಟ್ಟು ಬಿದ್ದವನನ್ನು ವೈದ್ಯರಿಗೆ ತೋರಿಸಲೇಬೇಕು.

ನಮ್ಮ ಮನೆಯ ಅಟ್ಟ ಮರುವರ್ಷ ದುರಸ್ತಿಯಾಯಿತು. ಮಾಡಿದವನು ಅದೇ ಬಡಗಿ. ಈ ಸಲ ಅವನು ಬರುವ ಮೊದಲೇ ಜಂತೆಗಳ ಮೇಲೆ ಎರಡು ಅಂಗುಲದ ಹಲಗೆ ಹಾಸಿ ಮೊಳೆ ಹೊಡೆಸಿದ್ದೆವು; ದೀಪ ತೂಗುಹಾಕಿದ್ದೆವು; ಏಣಿಯ ತುದಿಯನ್ನು ತೊಲೆಗೆ ಬಿಗಿದಿದ್ದೆವು. ಅವನು ಹತ್ತಿ ಹೋಗಿ ಹಲಗೆಯನ್ನು ಹಿಮ್ಮಡಿಯಿಂದ ತಟ್ಟಿ ನೋಡಿದನು. ಅವನಿಗೆ ನಾವು “ಹುಷಾರು” ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.